ನೇಗಿಲು ಕಚ್ಚುವಷ್ಟೇ

ಆಂಬ್ರೋಸ್ ಅಜ್ಜ ಮಾತಿನ ನಡುವೆ ಇದ್ದಕ್ಕಿದ್ದಂತೆ ಬಗ್ಗಿ ನೆಲ ಮುಟ್ಟುತ್ತಿದ್ದ. ಎಂಬತ್ತು ದಾಟಿದ ಮೈ. ಮೇಲೆ ರೈಲು ಹಳಿಯ ಕೆಲಸದ ಕಾಲದಲ್ಲಿ ಸಿಕ್ಕ ಕರಿಯ ಉಣ್ಣೆಯ ಕೋಟು, ಕಂಕುಳಲ್ಲಿ ಹರಿದದ್ದನ್ನು ಮೀನುಬಲೆಯ ದಾರದಿಂದ ಹೊಲಿದದ್ದು. ಬಗ್ಗಿದಾಗ ಮಂಡಿಗಳು ಒಣಗಿದ ಪುರಲೆ ಮುರಿದಂತೆ ಸದ್ದು ಮಾಡುತ್ತಿದ್ದವು. ಆದರೂ ಬಗ್ಗಿ, ಬೆರಳ ತುದಿಯನ್ನು ಮಣ್ಣಿಗೆ ಊರಿ, ಇನ್ನೊಂದು ಕೈಯಿಂದ ಮಣಿಕಟ್ಟಿನ ಬಳಿ ಗೆರೆ ಎಳೆದು ತೋರಿಸುತ್ತಿದ್ದ: "ಇಷ್ಟೇ. ನೇಗಿಲು ಕಚ್ಚೋವಷ್ಟೇ. ಅದರ ಕೆಳಗಿಂದು ಅವರು ಕೇಳ್ಲಿಲ್ಲ, ನಾವು ಕೊಡ್ಲಿಲ್ಲ." ಈ ಪ್ರವಚನಕ್ಕೆ ಸ್ಥಳಕಾಲಗಳ ನಿರ್ಬಂಧವಿರಲಿಲ್ಲ. ಪಟ್ಟಣದ ಆಸ್ಪತ್ರೆಯ ಹೊಳೆಯುವ ಟೈಲ್ಸ್ ಮೇಲೆ ಒಮ್ಮೆ ಹೀಗೆ ಅಳತೆ ತೋರಿಸಲು ಹೋದಾಗ, ಮುದುಕ ಕುಸಿದನೆಂದು ಭಾವಿಸಿ ನರ್ಸಮ್ಮ ಗಾಲಿಕುರ್ಚಿ ಓಡಿಸಿಕೊಂಡು ಬಂದಿದ್ದಳು. ಅಜ್ಜ ಅದರಲ್ಲಿ ಆರಾಮಾಗಿ ಕೂತು, ಅವಳಿಗೂ ನಮ್ಮ ಹಿರಿಯರು ಬಿಳಿಯರೊಡನೆ ಮಾಡಿಕೊಂಡ ಒಪ್ಪಂದದ ಸಾರವನ್ನು ವಿವರಿಸಿದ.

ನಾನು ಆ ಆಸ್ಪತ್ರೆಗೆ ನಮ್ಮ ಜನರನ್ನು ಒಯ್ಯುವ ವ್ಯಾನಿನ ಚಾಲಕ. ಈ ನಾಡಿನ ಮೂಲನಿವಾಸಿಗಳಾದ ನಮ್ಮ ಕ್ರೀ ಕುಲಕ್ಕೆಂದು ಸರ್ಕಾರ ಉಳಿಸಿಕೊಟ್ಟ ಮೀಸಲು ನೆಲದಿಂದ ಪಟ್ಟಣಕ್ಕೆ, ಪಟ್ಟಣದಿಂದ ಮೀಸಲು ನೆಲಕ್ಕೆ; ಕಾಲೇಜನ್ನು ಅರ್ಧಕ್ಕೆ ಬಿಟ್ಟ ನನ್ನ ಬಳಿ ಇರುವ ಏಕೈಕ ಪದವಿಪತ್ರವೆಂದರೆ ಡ್ರೈವಿಂಗ್ ಲೈಸೆನ್ಸು. ಡಯಾಲಿಸಿಸ್‌ಗೆ ಬರುತ್ತಿದ್ದ ಅಜ್ಜನ ಮಾತನ್ನು ನಾನು ಕಿವಿಗೊಟ್ಟು ಕೇಳಿದ್ದಕ್ಕೆ ಪೂರ್ವಿಕರ ಮೇಲಿನ ಭಕ್ತಿ ಕಾರಣವಲ್ಲ. ವ್ಯಾನಿನ ರೇಡಿಯೊ ಕೆಟ್ಟಿತ್ತು.

ಅಜ್ಜನ ಮುತ್ತಾತ ಒಪ್ಪಂದದ ದಿನ ಬಿಳಿಯರ ರಾಣಿಯ ಪ್ರತಿನಿಧಿಯ ಡೇರೆಯೆದುರು ಕೂತಿದ್ದವನು. ಕಾಡೆಮ್ಮೆಗಳು ಮಾಯವಾಗಿ ಮಕ್ಕಳ ಪಕ್ಕೆಲುಬು ಕಾಣತೊಡಗಿದ್ದ ಕಾಲ. ಚಿಲುಮೆ ಸೇದಿದರು, ಸೂರ್ಯನೂ ಹುಲ್ಲೂ ಹೊಳೆಯೂ ಇರುವವರೆಗೆ ಎಂದು ಆಣೆಯಿಟ್ಟರು, ಕೈ ಕುಲುಕಿದರು. ಆಮೇಲೆ ನೋಡಿದರೆ ಕಾಗದದಲ್ಲಿ ನಾವು ಸಮಸ್ತ ಭೂಮಿಯನ್ನೂ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೆವು; ಮಾತಿನಲ್ಲಿ ಮಾತ್ರ ಕೊಟ್ಟದ್ದು ಬಿತ್ತನೆಯ ಮೇಲ್ಮಣ್ಣು.

ಆ ಮಾತನ್ನು ಉಳಿಸಿಕೊಳ್ಳಲು ಅಜ್ಜನ ಮನೆತನದಲ್ಲಿ ಒಂದು ಕ್ರಮವಿತ್ತು. ಒಪ್ಪಂದದ ಕಥೆಯನ್ನು ಒಬ್ಬರೇ ಹೇಳುವಂತಿಲ್ಲ. ಹೇಳುವವನ ಪಕ್ಕದಲ್ಲಿ ಅದನ್ನು ಬಲ್ಲ ಇನ್ನೊಬ್ಬರು ಕೂತಿರಬೇಕು. ಅವರಿಗೆ 'ಕಿವಿ' ಎಂದು ಹೆಸರು. ಬಾಯಿ ಎಲ್ಲಾದರೂ ತಪ್ಪಿದರೆ ಕಿವಿ ಕೋಲಿನಿಂದ ನೆಲ ಕುಟ್ಟಬೇಕು. ಕುಟ್ಟಿದರೆ ಬಾಯಿ ಹಿಂದಿರುಗಿ ಸರಿಯಾಗಿ ಹೇಳಬೇಕು. ಬೇರೆ ಕಡೆ ನೆಲಕ್ಕೆ ಬೇಲಿ ಹಾಕುತ್ತಾರೆ, ಇವರು ಮಾತಿಗೆ ಹಾಕಿದ್ದರು. ಅಜ್ಜನ ಕಿವಿ ಅವನ ಚಿಕ್ಕಪ್ಪನ ಮಗಳು ಫಿಲೊಮೀನ್ ಅಜ್ಜಿ. ಯಾರದೋ ತಿಥಿಯೂಟದಲ್ಲಿ ಅವಳು ಕೋಲು ಕುಟ್ಟಿದ್ದಕ್ಕೆ ಇವನು "ಹಾಗಾದ್ರೆ ನೀನೇ ಹೇಳ್ಕೋ" ಎಂದು ಎದ್ದುಹೋಗಿದ್ದ. ಅಂದಿನಿಂದ ಇಬ್ಬರಲ್ಲಿ ಮಾತಿಲ್ಲ. ನೇಗಿಲ ಅಳತೆಯನ್ನು ಸಿಕ್ಕಸಿಕ್ಕವರಿಗೆ ತೋರಿಸುತ್ತಿದ್ದ ಮನುಷ್ಯ ಕಥೆಯನ್ನು ಮಾತ್ರ ಇಡಿಯಾಗಿ ಎಲ್ಲೂ ಹೇಳಿರಲಿಲ್ಲ.

ಹೀಗಿರುವಾಗ ಒರತೆಗುಡ್ಡದ ಮೇಲೆ ಜಲ್ಲಿ ಕಂಪನಿಯ ಕಣ್ಣು ಬಿತ್ತು. ಗುಡ್ಡ ಮೀಸಲು ನೆಲದ ಆಚೆಗಿದೆ, ಕಾಗದದ ಪ್ರಕಾರ ಸರ್ಕಾರದ್ದು. ಆದರೆ ಅದರ ಬುಡದಿಂದ ಚಳಿಗಾಲದಲ್ಲೂ ಹೆಪ್ಪುಗಟ್ಟದೆ ಜಿನುಗುವ ಒರತೆಯ ನೀರನ್ನೇ ನಮ್ಮ ಹೆಂಗಸರು ಬಾಣಂತಿಯರಿಗೂ ಮದ್ದಿನ ಬೇರಿಗೂ ಒಯ್ಯುವುದು. ಗುಡ್ಡ ಅಗೆದರೆ ಒರತೆ ಬತ್ತುತ್ತದೆ. ಅಗೆಯಲು ಅನುಮತಿ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ವಿಚಾರಣಾ ಮಂಡಳಿ ನಮ್ಮ ಶಾಲೆಯ ಆಟದಂಗಳಕ್ಕೇ ಬರುವುದಾಗಿಯೂ, ಹಿರಿಯರ ಬಾಯಿಮಾತನ್ನೂ ಸಾಕ್ಷ್ಯವೆಂದು ಕೇಳುವುದಾಗಿಯೂ ತಿಳಿಸಿತು. ಆ ಮಾತನ್ನು ಹೇಳಬೇಕಾದ ಬಾಯಿ ಆಂಬ್ರೋಸ್ ಅಜ್ಜನೊಬ್ಬನೇ; ಕಿವಿಯಿಲ್ಲದೆ ಅವನೂ ಹೇಳುವಂತಿರಲಿಲ್ಲ.

ಅಜ್ಜ ತಂಬಾಕಿನ ಪೊಟ್ಟಣವನ್ನು ನನ್ನ ಕೈಗಿತ್ತು ಫಿಲೊಮೀನ್ ಅಜ್ಜಿಯ ಬಳಿಗೆ ಅಟ್ಟಿದ. ನಮ್ಮಲ್ಲಿ ಹಿರಿಯರನ್ನು ಬರಿಗೈಯಲ್ಲಿ ಏನನ್ನೂ ಕೇಳುವುದಿಲ್ಲ; ತಂಬಾಕು ಕೈಗೆ ತೆಗೆದುಕೊಂಡರೆ ಒಪ್ಪಿದಂತೆ. ಅವಳು ಬಾಣಲೆಯಲ್ಲಿ ಬ್ಯಾನಕ್ ರೊಟ್ಟಿ ಕರಿಯುತ್ತಿದ್ದಳು.

"ಯಾಕೆ, ಅವನಿಗೆ ಕಾಲಿಲ್ವಾ?"

"ಕಾಲಿದೆ ಅಜ್ಜಿ, ಮಂಡಿ ಇಲ್ಲ."

"ಮುಖ ಇಲ್ಲ ಅನ್ನು. ಕೂತ್ಕೋ, ರೊಟ್ಟಿ ತಿನ್ನು. ವ್ಯಾನಲ್ಲಿ ಕೂತೂ ಕೂತೂ ನಿನಗೆ ಬೆಳೆದಿರೋದು ಕುಂಡಿ ಒಂದೇ." ಪೊಟ್ಟಣವನ್ನು ಮುಟ್ಟದೆ ಕೇಳಿದಳು: "ಕಲ್ಲಿನ ಸಾಲು ಹೇಳ್ತಾನಂತಾ?"

ಅದ್ಯಾವ ಸಾಲೆಂದೇ ಗೊತ್ತಿಲ್ಲದ ನಾನು ಪೊಟ್ಟಣವನ್ನು ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ ಬಿಟ್ಟು, ನಾಲ್ಕು ರೊಟ್ಟಿ ತಿಂದು ಬಂದೆ.

ಆಸ್ಪತ್ರೆಯ ದಾರಿಯಲ್ಲಿ ಅಜ್ಜನನ್ನೇ ಕೇಳಿದೆ. ಅವನು ಕಿಟಕಿಯಾಚೆಯ ಗೋಧಿ ಹೊಲಗಳ ಕಡೆ ಮುಖ ಮಾಡಿ ಹೇಳಿದ: "ಒಪ್ಪಂದದ ದಿನ ಬಿಳಿಯರು ಪೊಲೀಸ್ ಠಾಣೆ ಕಟ್ಟೋಕೆ ಕಲ್ಲು ಕೇಳಿದ್ರು. ನಮ್ಮ ಮುತ್ತಾತ ಅದೇ ಒರತೆಗುಡ್ಡ ತೋರಿಸಿ, ಮೇಲೆ ಬಿದ್ದಿರೋ ಕಲ್ಲು ತಗೊಳ್ಳಿ, ಚಳಿಗೆ ಸಾಯಬೇಡಿ ಅಂದ. ತಿಥಿ ಊಟದ ದಿನ ನಾನು ಆ ಸಾಲು ನುಂಗಿದೆ, ಅವಳು ಕುಟ್ಟಿದಳು. ಈಗ ಹೇಳಿದ್ರೆ ಗುಡ್ಡ ಹೋಗುತ್ತೆ. ಬಿಟ್ರೆ ಕಥೆ ಹೋಗುತ್ತೆ."

"ಬಿಟ್ಬಿಡಜ್ಜ. ಒಂದು ಸಾಲು ತಾನೆ? ಯಾರಿಗೆ ಗೊತ್ತಾಗುತ್ತೆ?" ಎಂದು ನಾನು ನನ್ನ ಅರೆಕಾಲೇಜಿನ ಜಾಣತನವನ್ನು ಮೆರೆದೆ.

"ಒಪ್ಪಂದದ ದಿನ ಡೇರೆ ಒಳಗೆ ಕಾಗದ ಬರ್ಕೊಳ್ತಾ ಕೂತಿದ್ನಲ್ಲ ಬಿಳಿಯ," ಎಂದ ಅಜ್ಜ, "ಅವನೂ ನಿನ್ ಥರಾನೇ ಬುದ್ಧಿವಂತ."

ವಿಚಾರಣೆಯ ದಿನ ಬಾಸ್ಕೆಟ್‌ಬಾಲ್ ಗೆರೆಗಳ ಮೇಲೆ ಕುರ್ಚಿ ಹಾಕಿದ್ದರು. ಫಿಲೊಮೀನ್ ಅಜ್ಜಿ ಬಂದಳು. ತಂಬಾಕಿನ ಪೊಟ್ಟಣ ಅವಳ ಕೈಯಲ್ಲಿತ್ತು. ಅಜ್ಜನ ಎಡಕ್ಕೆ ಕೂತು ಕೋಲನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡಳು. ಅಜ್ಜ ಶುರುಮಾಡಿದ. ಅವನ ಕಥನಕ್ಕೆ ಅವನ ನಡಿಗೆಯದೇ ಗತಿ, ತುಂಬಿದ ಕೊಡ ಹೊತ್ತವನಂತೆ ನಿಧಾನ, ಒಂದು ಹನಿಯೂ ತುಳುಕದಂತೆ. ಹಸಿದ ಮಕ್ಕಳು ಬಂದರು, ಚಿಲುಮೆ ಬಂತು, ನೇಗಿಲ ಅಳತೆ ಬಂತು. ಠಾಣೆಯ ಮಾತೂ ಬಂತು. ಅಲ್ಲಿ ಅವನು ಉಸಿರೆಳೆದುಕೊಂಡು, ಗುಡ್ಡವನ್ನು ದಾಟಿ, ನೇರ ಕೈ ಕುಲುಕಿದ ಮಾತಿಗೆ ಹೋದ.

ಕೋಲು ಕುಟ್ಟಿತು.

ಮಂಡಳಿಯವರು ಮುದುಕಿಯ ಕೈ ಜಾರಿತೆಂದುಕೊಂಡಿರಬೇಕು. ನಾವೆಲ್ಲ ತಲೆ ತಗ್ಗಿಸಿದೆವು. ಅಜ್ಜ ಅವಳನ್ನು ನೋಡಿದ. ಅವಳು ಅವನನ್ನು ನೋಡಲಿಲ್ಲ, ಆದರೆ ಅವಳ ಕಣ್ಣಲ್ಲಿ ನೀರಿತ್ತು. ಅವಳೂ ಅದೇ ಒರತೆಯ ನೀರಲ್ಲಿ ತನ್ನ ಮಕ್ಕಳನ್ನು ಮೀಯಿಸಿದವಳು.

"ನಾನು ಒಂದು ಸಾಲು ಬಿಟ್ಟೆ," ಎಂದ ಅಜ್ಜ ಮಂಡಳಿಗೆ. "ಅವಳದ್ದು ಸರಿ." ಮತ್ತು ಹಿಂದಿರುಗಿ ಕಲ್ಲಿನ ಸಾಲನ್ನು ಪೂರ್ತಿ ಹೇಳಿದ.

ಕಂಪನಿಯ ವಕೀಲ ಒರಟನಲ್ಲ, ಮೃದುವಾಗಿಯೇ ಕೇಳಿದ: "ಹಾಗಾದರೆ ಕಲ್ಲು ತೆಗೆಯಲು ನಿಮ್ಮ ಹಿರಿಯರು ಅನುಮತಿ ಕೊಟ್ಟಿದ್ದರು, ಅಲ್ಲವೇ ತಾತ?"

"ಕೊಟ್ಟಿದ್ರು. ಬಿದ್ದಿರೋ ಕಲ್ಲಿಗೆ. ಮಲಗಿರೋದನ್ನ ಎಬ್ಬಿಸೋಕಲ್ಲ."

ಆ ಚಳಿಗಾಲದಲ್ಲಿ ತೀರ್ಪು ಬಂತು. ಗುಡ್ಡದ ಪಡುವಣ ಇಳಿಜಾರಿನಲ್ಲಿ ಹರಡಿದ ಕಲ್ಲನ್ನು ಕಂಪನಿ ಒಯ್ಯಬಹುದು. ಒರತೆಯ ಕಡೆ ಅಗೆಯುವಂತಿಲ್ಲ. ಆ ಇಳಿಜಾರಿನಲ್ಲಿ ನಮ್ಮವರು ಹಣ್ಣು ಬಿಡಿಸುತ್ತಿದ್ದ ಪೊದೆಗಳು ಲಾರಿಯ ಚಕ್ರಕ್ಕೆ ಸಿಕ್ಕಿ ನೆಲಸಮವಾದವು. ಅಂಗಡಿಯೆದುರು ಹುಡುಗರು ಕೆಣಕಿದರು: "ಅಜ್ಜ, ನಿನ್ನ ಒಂದು ಸಾಲಿಗೆ ಎಷ್ಟು ಲಾರಿ ಹೋಯ್ತು ನೋಡಿದ್ಯಾ?"

"ನೋಡ್ದೆ. ನಿದ್ದೇನೂ ಬರಲ್ಲ," ಎಂದ ಅಜ್ಜ. "ಆದ್ರೆ ಆ ಸಾಲು ಬಿಟ್ಟಿದ್ರೆ, ಉಳಿದ ಕಥೆ ನಂದಾಗಿರ್ತಿತ್ತು ಕಣ್ರೋ, ಮುತ್ತಾತಂದಲ್ಲ."

ಕೆಲವರ ಸಿಟ್ಟು ಇನ್ನೂ ಇಳಿದಿಲ್ಲ; ಅಜ್ಜ ತೀರಿಕೊಂಡ ಮೇಲೂ ಇಳಿದಿಲ್ಲ.

ಪೂರ್ವಿಕರ ನೆನಪನ್ನು ಹೊತ್ತವರೆಂದು ನಾವು ಕೈಮುಗಿಯುವವರಲ್ಲಿ ಹೆಚ್ಚಿನವರು ಹೊತ್ತಿರುವುದು ತಮಗೆ ಹಿತವಾದಷ್ಟನ್ನೇ. ಉಳಿದದ್ದು ದಾರಿಯಲ್ಲೆಲ್ಲೋ ಸೋರಿರುತ್ತದೆ, ಸೋರಿದ್ದು ಅವರಿಗೇ ಗೊತ್ತಿರುವುದಿಲ್ಲ. ಕೆಲವರು ಮಾತ್ರ ಹಿರಿಯರ ಮಾತನ್ನು ಆಸ್ತಿಯಂತಲ್ಲ, ಎರವಲಿನಂತೆ ಇಟ್ಟುಕೊಂಡಿರುತ್ತಾರೆ, ತಮ್ಮ ಹಸಿವಿಗೂ ಅದರಿಂದ ಒಂದು ಚೂರು ಮುರಿದುಕೊಳ್ಳಲಾರದವರು. ಮುರಿಯಲು ಕೈ ಚಾಚಿದರೂ, ಯಾರಾದರೂ ತಡೆದಾಗ ಕೈ ಹಿಂತೆಗೆಯುವವರು. ಅಂಥವರ ಗೆಲುವು ಎಂದೂ ಇಡಿಯಾಗಿರುವುದಿಲ್ಲ, ಅವರ ಮಕ್ಕಳು ಮೊಮ್ಮಕ್ಕಳು ಅದಕ್ಕಾಗಿ ಅವರನ್ನು ಬೈಯುವುದೂ ತಪ್ಪುವುದಿಲ್ಲ. ಆದರೆ ಅವರು ಉಳಿಸಿಕೊಟ್ಟ ಆ ಅರ್ಧದ ಮೇಲೆ ನಿಂತವನಿಗೆ, ನನ್ನಂಥ ಅರೆಬುದ್ಧಿಯವನಿಗೂ, ಕಾಲಡಿಯ ನೆಲ ಅಲುಗುವುದಿಲ್ಲ.