ಕಂಡೂ ಊದದ ವಿಸಲ್

ಇಪ್ಪತ್ತೆರಡು ತುಂಬಿದ ಮಗಳ ತಲೆ ಬಾಚುವ ಭಾಗ್ಯ ಮತ್ತೆ ಬರುತ್ತದೆಂದು ಅಮ್ಮ ಎಣಿಸಿರಲಿಲ್ಲ. ಬಲ ಮಣಿಕಟ್ಟಿಗೆ ಪ್ಲಾಸ್ಟರ್ ಬಿದ್ದ ದಿನದಿಂದ ಮಗಳು ತಿಂಡಿ ಮುಗಿಸಿ ಅಡುಗೆಮನೆಯ ಮೋಟು ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಅಮ್ಮ ಒಂದು ಕಣ್ಣನ್ನು ಒಲೆಯ ಮೇಲಿನ ಹಾಲಿನ ಮೇಲಿಟ್ಟು ಸಿಕ್ಕು ಬಿಡಿಸುತ್ತಿದ್ದಳು.

"ಅಮ್ಮಾ, ಎಳೀಬೇಡ!"

"ಮತ್ತೆ ಸಿಕ್ಕು ಕೈ ಮುಗಿದು ಕೇಳ್ಕೊಂಡ್ರೆ ಬಿಡುತ್ತಾ? ಸುಮ್ನೆ ಕೂತ್ಕೋ ಪೀಪಿ."

ಪೀಪಿ ಎಂಬುದು ಚಿಕ್ಕಮ್ಮ ಇಟ್ಟ ಹೆಸರು. ಹುಟ್ಟಿದ ರಾತ್ರಿ ಈ ಮಗು ಅತ್ತ ಅಳುವಿಗೆ ಆಸ್ಪತ್ರೆಯಲ್ಲಿ ಪಕ್ಕದ ವಾರ್ಡಿನವರೂ ಎದ್ದು ಕೂತಿದ್ದರಂತೆ. ಮುಂದೆ ಅವಳು ಫುಟ್‌ಬಾಲ್ ರೆಫರಿಯಾಗಿ ಕೊರಳಿಗೆ ವಿಸಲ್ ನೇತುಹಾಕಿಕೊಂಡಾಗ ಆ ಹೆಸರು ಇನ್ನಷ್ಟು ಗಟ್ಟಿಯಾಯಿತು. ವಾರವಿಡೀ ಈಜುಕೊಳದ ಕೌಂಟರಿನಲ್ಲಿ ಕೆಲಸ, ಭಾನುವಾರ ಮಕ್ಕಳ ಲೀಗಿನ ಪಂದ್ಯಗಳಿಗೆ ರೆಫರಿ.

ಆ ಕೆಲಸದಲ್ಲೇ ಅವಳೊಂದು ತಪ್ಪು ಮಾಡಿದ್ದಳು. ಚೆಂಡು ಹುಡುಗನೊಬ್ಬನ ಭುಜಕ್ಕೆ ತಾಗಿದ್ದನ್ನು ಕೈಗೇ ತಾಗಿತೆಂದು ತಿಳಿದು ಪೆನಾಲ್ಟಿ ಕೊಟ್ಟಳು. ಅದರಿಂದಾಗಿಯೇ ಆ ಹುಡುಗನ ತಂಡ ಸೋತಿತು. ಸಂಜೆ ಬರೆದ ವರದಿಯಲ್ಲಿ ಅದು ತನ್ನದೇ ತಪ್ಪೆಂದು ಬರೆದು ಸಹಿ ಹಾಕಿದಳು. ಲೀಗಿನವರು ಎರಡು ವಾರ ಮನೆಯಲ್ಲಿರು ಎಂದರು, ಇದ್ದಳು. ಅಲ್ಲಿಗೆ ಆ ಕತೆ ಮುಗಿಯಬೇಕಿತ್ತು.

ಆದರೆ ಆ ಪೆನಾಲ್ಟಿಯ ವಿಡಿಯೊ ತುಣುಕನ್ನು ಯಾರೋ ಬೂಟಂಗಡಿಯವರ ಜಾಲತಾಣಕ್ಕೆ ಹಾಕಿಬಿಟ್ಟಿದ್ದರು. ಬೂಟಂಗಡಿಯವರದು ಆಟದ ಬೂಟು ಮಾರುವ ಅಂಗಡಿ. ಪಂದ್ಯದ ವೇಳೆ ತಿಳಿಸಲೆಂದು ಅವರು ಶುರುಮಾಡಿದ ಜಾಲತಾಣ ಬರುಬರುತ್ತಾ ಊರಿನ ಅಪ್ಪ ಅಮ್ಮಂದಿರ ಹರಟೆಕಟ್ಟೆಯಾಗಿತ್ತು. ಎರಡು ವಾರವೂ ಆ ತುಣುಕು ಮೇಲಿನ ಸಾಲಿನಿಂದ ಕೆಳಗಿಳಿಯಲಿಲ್ಲ. ಕೊನೆಗೆ ಹೆಸರಿಲ್ಲದವನೊಬ್ಬ ಅದರ ಕೆಳಗೆ ಹೀಗೆ ಬರೆದ: "ಈ ಭಾನುವಾರ ಇವಳು ಮತ್ತೆ ಬರ್ತಿದ್ದಾಳೆ. ಎರಡನೇ ಮೈದಾನ, ಹಿಂದಿನ ಗೇಟು. ಯಾರಿಗೆ ಕೈ ಕಡೀತಿದೆಯೋ ಅವರು ಬನ್ನಿ."

ಪೀಪಿ ದೂರಿನ ಗುಂಡಿ ಒತ್ತಿದಳು. "ನಿಮ್ಮ ದೂರು ತಲುಪಿದೆ, ಧನ್ಯವಾದ" ಎಂದು ಬಂತು, ಅಷ್ಟೇ. ಸುಮ್ಮನಿರಲಾರದೆ ಅಂಗಡಿಗೇ ನಡೆದು ಹೋಗಿ ಬೂಟಂಗಡಿಯವರ ಮೂಗಿನ ಮುಂದೆ ಫೋನು ಹಿಡಿದಳು. ಅವರು ಓದಿದರು, ನಕ್ಕರು. "ಬಾಯಿ ಚಪಲಕ್ಕೆ ಬರೀತಾರೆ ಕಣಮ್ಮ, ತಲೆಗೆ ಹಚ್ಕೋಬೇಡ" ಎಂದು ಗಿರಾಕಿಯ ಕಡೆ ತಿರುಗಿದರು.

ಭಾನುವಾರ ಹಿಂದಿನ ಗೇಟಿನ ಮೆಟ್ಟಿಲ ಮೇಲಿಂದ ಒಬ್ಬ ಅವಳನ್ನು ತಳ್ಳಿದ. ಅವನ ಮಗು ಯಾವ ತಂಡದಲ್ಲೂ ಇರಲಿಲ್ಲ, ಆ ಪಂದ್ಯವನ್ನು ಅವನು ನೋಡಿರಲೂ ಇಲ್ಲ. "ವೆಬ್‌ಸೈಟಲ್ಲಿ ದಿನಾ ಅದೇ ಬರ್ತಿತ್ತು, ನೋಡಿ ನೋಡಿ ರಕ್ತ ಕುದೀತು" ಎಂದು ಪೊಲೀಸರಿಗೆ ಹೇಳಿದ.

ಈಗ ಅವನು ಒಳಗಿದ್ದ. ಅವನ ಮೇಲಿನ ಮೊಕದ್ದಮೆ ಬೇರೆಯೇ ನಡೆಯುತ್ತಿತ್ತು. ವಕೀಲೆಯಾಗಿದ್ದ ಚಿಕ್ಕಮ್ಮ ಪೀಪಿಯ ಪರವಾಗಿ ಪರಿಹಾರದ ದಾವೆ ಹೂಡಿ ಅದರಲ್ಲಿ ಇಬ್ಬರ ಹೆಸರು ಹಾಕಿದ್ದಳು. ಒಂದು ತಳ್ಳಿದವನದು, ಇನ್ನೊಂದು ಬೂಟಂಗಡಿಯವರದು. ಎರಡನೇ ಹೆಸರು ದಾವೆಯಲ್ಲಿ ಉಳಿಯಬೇಕೋ ಬೇಡವೋ ಎಂದು ತೀರ್ಮಾನಿಸಲು ನ್ಯಾಯಾಲಯ ಗುರುವಾರ ಕೂರಲಿತ್ತು.

ಆ ಹೆಸರು ಬೇಡವೆಂದು ಅಮ್ಮನ ಮನಸ್ಸು ಹೇಳುತ್ತಿತ್ತು. ಅವಳು ಕೆಲಸ ಮಾಡುವ ಕನ್ನಡಕದಂಗಡಿಯ ಎದುರಿಗೇ ಬೂಟಂಗಡಿ. ಬೂಟಂಗಡಿಯವರ ಮೂಗಿಗೆ ಕನ್ನಡಕ ಕೂರಿಸಿದವಳು ಅವಳೇ, ಮಗಳ ಮೊದಲ ಬೂಟು ಬಂದದ್ದೂ ಅವರ ಅಂಗಡಿಯಿಂದಲೇ. ಅದಕ್ಕಿಂತ ಹೆಚ್ಚಾಗಿ ಅವಳಿಗೆ ಹೆದರಿಕೆ. ಅಷ್ಟೊಂದು ಜನ ಓದುವ ಜಾಗವನ್ನು ಕೆಣಕಿದರೆ ಇನ್ನೊಬ್ಬನ ಕೈ ಕಡಿಯುವುದಿಲ್ಲವೆಂದು ಯಾರು ಹೇಳಬೇಕು?

"ಅವರು ಇವತ್ತು ಬರ್ತಾರಂತೆ" ಎಂದಳು, ಜಡೆಯ ತುದಿಗೆ ರಬ್ಬರ್ ಬ್ಯಾಂಡ್ ಸುತ್ತುತ್ತಾ. "ಕಾಗದ ತರ್ತಾರೆ. ಹೆಸರು ಬಿಡ್ತೀವಿ ಅಂತ ಎಡಗೈಯಲ್ಲೇ ಒಂದು ಸಹಿ ಗೀಚಿಬಿಡೇ. ನಂಗೆ ನೀನು ನೆಮ್ಮದಿಯಾಗಿ ಓಡಾಡಿಕೊಂಡಿದ್ರೆ ಸಾಕು."

"ನೆಮ್ಮದಿ ಬೇರೆ, ಹೆದರ್ಕೊಂಡಿರೋದು ಬೇರೆ ಅಮ್ಮ."

"ಎಲ್ಲದಕ್ಕೂ ಒಂದು ಉತ್ತರ ನಿನ್ ಹತ್ರ."

"ನಿನ್ ತಂಗಿ ಹತ್ರ ಕಲಿತಿದ್ದು."

ಬೂಟಂಗಡಿಯವರು ಬಂದಾಗ ಅಮ್ಮ ಬಟಾಣಿ ಬಿಡಿಸುತ್ತಿದ್ದಳು. ಅವರ ಒಂದು ಕೈಯಲ್ಲಿ ಕಾಗದದ ಲಕೋಟೆ, ಇನ್ನೊಂದು ಕಂಕುಳಲ್ಲಿ ಬೂಟಿನ ಪೆಟ್ಟಿಗೆ. ಕುರ್ಚಿಯ ಅಂಚಿನಲ್ಲಿ ಕೂತರು. ಪ್ಲಾಸ್ಟರನ್ನು ಒಮ್ಮೆ ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದರು. ಕೆಟ್ಟ ಮನುಷ್ಯನಾಗಿದ್ದರೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಅಮ್ಮನಿಗೆ ಸಲೀಸಾಗುತ್ತಿತ್ತು.

"ನಿನ್ ಅಳತೇದೇ ತಂದಿದ್ದೀನಮ್ಮ" ಎಂದು ಪೆಟ್ಟಿಗೆ ಮುಂದಿಟ್ಟರು.

"ಬೂಟು ವಾಪಸ್ ತಗೊಂಡು ಹೋಗಿ ಅಂಕಲ್. ಹಳೇದು ಹರಿದ ಮೇಲೆ ನಾನೇ ಬಂದು ಕೊಂಡ್ಕೋತೀನಿ. ಆಗ ಚೌಕಾಸಿನೂ ಮಾಡ್ತೀನಿ."

ಅವರು ನಗಲು ನೋಡಿದರು, ನಗು ಬರಲಿಲ್ಲ. ಅಮ್ಮನ ಕಡೆ ತಿರುಗಿದರು. "ಅಕ್ಕಾ, ನೀವೇ ಹೇಳಿ. ನಾನೇನು ಕೈ ಎತ್ತಿದ್ನಾ? ನಂದು ಒಂದು ಗೋಡೆ ಇದ್ದ ಹಾಗೆ. ಯಾರೋ ಬಂದು ಗೀಚಿದ್ರೆ ಗೋಡೆ ಕಟ್ಟಿದವನನ್ನ ಹಿಡ್ಕೊಂಡು ಹೋಗ್ತಾರಾ?"

"ನನಗೂ ಹಾಗೇ ಅನ್ಸುತ್ತೆ" ಎಂದಳು ಅಮ್ಮ. ಪೀಪಿ ಅವಳನ್ನು ಒಮ್ಮೆ ದಿಟ್ಟಿಸಿದಳು. ಅಮ್ಮ ತಲೆ ತಗ್ಗಿಸಿ ಇನ್ನೊಂದು ಸಿಪ್ಪೆ ಸೀಳಿದಳು.

ಬೂಟಂಗಡಿಯವರಿಗೆ ಧೈರ್ಯ ಬಂತು. "ಹೋದ ವರ್ಷ ಆ ಕೋಚು ಮಕ್ಕಳ ಕಪಾಳಕ್ಕೆ ಬಾರಿಸ್ತಿದ್ದನಲ್ಲ, ಒಬ್ಬ ತಾಯಿ ಹೆಸರು ಹಾಕದೆ ಬರೆದಿದ್ದೆಲ್ಲಿ? ನನ್ನ ಹತ್ರ. ಆ ಕೋಚೂ ಕೋರ್ಟು ಕಚೇರಿ ಅಂತ ಕೂಗಾಡಿದ್ದ. ಅವತ್ತು ನಾನು ಹೆದರಿ ಅಳಿಸಿಬಿಟ್ಟಿದ್ರೆ? ಜನ ಬರೆದಿದ್ದಕ್ಕೆಲ್ಲ ನನ್ನನ್ನೇ ಹೊಣೆ ಮಾಡಿದ್ರೆ ನಾಳೆ ಬಾಗಿಲು ಹಾಕ್ತೀನಿ. ದೊಡ್ಡ ದೊಡ್ಡ ಕಂಪನಿಗೆ ವಕೀಲರ ದಂಡೇ ಇರುತ್ತೆ, ಅವರು ಉಳ್ಕೋತಾರೆ. ಸಾಯೋದು ನನ್ನಂಥವನು. ಆಮೇಲೆ ಅಂಥ ತಾಯಂದಿರು ಎಲ್ಲಿಗೆ ಹೋಗ್ಬೇಕು?"

ಅಮ್ಮನ ಬೆರಳು ಬಟಾಣಿಯ ಮೇಲೇ ನಿಂತಿತು. ಮಾತು ನಿಜವಾಗಿತ್ತು. ಆ ಕೋಚನ್ನು ತೆಗೆದುಹಾಕಿದಾಗ ಅವಳೂ ಎಲ್ಲರಂತೆ ಬೂಟಂಗಡಿಯವರನ್ನು ಹೊಗಳಿದ್ದಳು.

ಪೀಪಿ ಅವಸರ ಮಾಡಲಿಲ್ಲ. ಮೈದಾನದಲ್ಲಿ ಇಬ್ಬರು ಕೋಚುಗಳು ಒಟ್ಟಿಗೆ ಅರಚುವಾಗ ನಿಲ್ಲುವಂತೆಯೇ ಕಾಲು ಅಗಲಿಸಿ ನಿಂತಿದ್ದಳು. "ಅವತ್ತು ನೀವು ಅದನ್ನ ಓದಿದ್ರಿ ಅಂಕಲ್. ನಾಲ್ಕು ಮನೆ ತಿರುಗಿ ವಿಚಾರಿಸಿದ್ರಿ. ನಿಜ ಅಂತ ಗೊತ್ತಾದ ಮೇಲೆ ಉಳಿಸ್ಕೊಂಡ್ರಿ. ಯಾರಾದ್ರೂ ಯಾಕೆ ಅಂತ ಕೇಳಿದ್ರೆ ನಿಮ್ಮ ಹತ್ರ ಉತ್ತರ ಇತ್ತು. ನನ್ನ ಜಾಗ, ಗೇಟು, ದಿನ ಎಲ್ಲ ಬರೆದಿದ್ದನ್ನ ನಾನೇ ತಂದು ತೋರಿಸಿದೆ. ಅದನ್ನ ಉಳಿಸಿದ್ದಕ್ಕೆ ಏನು ಉತ್ತರ ಇದೆ?"

"ಇಷ್ಟಾಗುತ್ತೆ ಅಂತ ಯಾರಿಗೆ ಗೊತ್ತಿತ್ತಮ್ಮ?"

"ಚಿಕ್ಕ ಹುಡುಗರ ಆಟದಲ್ಲಿ ಯಾರೋ ಯಾರಿಗೋ ಒದ್ದು ಕಾಲು ಮುರೀತಾರೆ ಅಂದ್ಕೊಳ್ಳಿ. ಒದ್ದವನು ನಾನಲ್ಲ. ಆದರೂ ಲೀಗಿನವರು ಮೊದಲು ನನ್ನನ್ನೇ ಕರೀತಾರೆ. ಅದಕ್ಕೆ ಮುಂಚೆ ಅವನು ತಳ್ಳಿದ್ದು ಕಂಡಿತ್ತಾ? ವಿಸಲ್ ಬಾಯಲ್ಲಿತ್ತಾ? ಯಾಕೆ ಊದಲಿಲ್ಲ? ಅಂತ ಕೇಳ್ತಾರೆ. ಕಣ್ಣಿಗೆ ಬಿದ್ದಿರಲಿಲ್ಲ ಅಂದ್ರೆ ಬಿಡ್ತಾರೆ. ಕಂಡೂ ಊದಲಿಲ್ಲ ಅಂದ್ರೆ ಬಿಡಲ್ಲ. ನಾನು ಭುಜಾನ ಕೈ ಅಂದಿದ್ದಕ್ಕೆ ಎರಡು ವಾರ ಮನೇಲಿ ಕೂತೆ. ನಿಮ್ಮನ್ನ ಯಾರೂ ಏನೂ ಕೇಳೋ ಹಾಗೇ ಇಲ್ವಾ?"

ಬೂಟಂಗಡಿಯವರು ಕರವಸ್ತ್ರದಿಂದ ಕನ್ನಡಕ ಒರೆಸಿದರು. ಮತ್ತೆ ಅಮ್ಮನ ಕಡೆಗೇ ತಿರುಗಿ ಫೋನು ತೆಗೆದರು. "ನೋಡಿ ಅಕ್ಕಾ, ಪೂರ್ತಿ ತೆಗೆದುಹಾಕಿದ್ದೀನಿ. ಒಂದು ಚೂರೂ ಇಲ್ಲ."

ಅಮ್ಮ ಕೈ ಒರೆಸಿಕೊಂಡು ನೋಡಿದಳು. ಆ ತುಣುಕು ಇರಲಿಲ್ಲ. ಅದರ ಜಾಗದಲ್ಲಿ ಯಾವುದೋ ಗೋಲ್‌ಕೀಪರ್ ಹುಡುಗನ ಅಪ್ಪನನ್ನು ಜನ ಬಾಯಿಗೆ ಬಂದಂತೆ ಬೈಯುತ್ತಿದ್ದರು.

"ಇದ್ಯಾಕೆ ಮೇಲಿದೆ? ಪಂದ್ಯದ ವೇಳೆ ಎಲ್ಲಿ?"

"ಕೆಳಗಿರುತ್ತೆ. ಉತ್ತರ ಜಾಸ್ತಿ ಬಂದಿದ್ದು ಅದಾಗೇ ಮೇಲೆ ಬರುತ್ತೆ ಅಕ್ಕಾ. ಎಲ್ಲರ ಫೋನಿಗೂ ಅದೇ ಹೋಗುತ್ತೆ."

"ಅದಾಗೇ ಅಂದ್ರೆ? ಹಾಗೆ ಮಾಡು ಅಂತ ಅದಕ್ಕೆ ಯಾರು ಹೇಳಿದ್ದು?"

ಅಮ್ಮ ಕೇಳಿದ್ದು ಕುಟುಕಲಿಕ್ಕಲ್ಲ, ತಿಳಿಯಲಿಕ್ಕೆ.

"ನಾನೇ" ಎಂದರು ಬೂಟಂಗಡಿಯವರು. "ವೇಳಾಪಟ್ಟಿ ನೋಡೋಕೆ ಯಾರೂ ಬರಲ್ಲ. ಜಗಳ ಇದ್ರೆ ಬರ್ತಾರೆ. ಬಂದವರಲ್ಲಿ ನಾಲ್ಕು ಜನ ಬೂಟೂ ತಗೋತಾರೆ. ಅದಕ್ಕೇ ಹಾಗಿಟ್ಟೆ."

ಅಮ್ಮ ಫೋನನ್ನು ಅವರ ಕೈಗೆ ವಾಪಸು ಕೊಟ್ಟಳು. ಮೆಟ್ಟಿಲ ಮೇಲೆ ನಿಂತಿದ್ದ ಆ ಅಪರಿಚಿತ ಅವಳ ಕಣ್ಣಮುಂದೆ ಬಂದ. ಪಂದ್ಯ ನೋಡದವನು, ಪೀಪಿಯ ಮುಖವನ್ನೂ ಎದುರಿಗೆ ಕಾಣದವನು. ಅವನು ಜಗಳವನ್ನು ಹುಡುಕಿಕೊಂಡು ಹೋಗಿರಲಿಲ್ಲ. ಜಗಳವೇ ದಿನವೂ ಅವನಿದ್ದಲ್ಲಿಗೆ ಹೋಗಿತ್ತು.

"ಗೋಡೆ ಅಂದ್ರಿ ನೀವು" ಎಂದಳು ಮೆಲ್ಲಗೆ. "ಗೋಡೆ ಇದ್ದಲ್ಲೇ ಇರುತ್ತೆ. ಇದು ಮನೆಮನೆ ಬಾಗಿಲು ತಟ್ಟಿ, 'ನೋಡಿ ಬನ್ನಿ, ಇಲ್ಲೊಬ್ಬಳಿದ್ದಾಳೆ' ಅಂತ ಕರೀತಿತ್ತಲ್ಲ."

ಲಕೋಟೆ ಮೇಜಿನ ಮೇಲಿತ್ತು. ಅಮ್ಮ ಅದನ್ನು ಬೂಟಿನ ಪೆಟ್ಟಿಗೆಯ ಮೇಲಿಟ್ಟು ಎರಡನ್ನೂ ಒಟ್ಟಿಗೆ ಅವರ ಕಡೆ ಸರಿಸಿದಳು.

"ಬೆಳಿಗ್ಗೆ ಇವಳಿಗೆ ಸಹಿ ಹಾಕು ಅಂದಿದ್ದೆ. ಆ ಮಾತು ವಾಪಸ್ ತಗೊಂಡೆ. ಸಿಟ್ಟಿಲ್ಲ ನಂಗೆ. ಟೀ ಕುಡಿದೇ ಹೋಗಿ. ಆದರೆ ಗುರುವಾರ ಅಲ್ಲಿಗೆ ಬಂದು ಹೇಳೋದು ಹೇಳಿ."

ಅವರು ಟೀ ಕುಡಿದೇ ಹೋದರು. ಅವರ ಬೆನ್ನ ಹಿಂದೆ ಬಾಗಿಲು ಹಾಕಿಕೊಂಡ ಮೇಲೆ ಪೀಪಿ ಎಡಗೈಯಿಂದ ಅಮ್ಮನ ಸೊಂಟ ಬಳಸಿದಳು.

"ಏನಮ್ಮ, ಹಾಗೆ ಝಾಡಿಸಿದೆ!"

"ಝಾಡಿಸಲಿಲ್ಲ ಕಣೆ, ಕೇಳಿದೆ. ಸರಿ ಸರಿ, ಬಟಾಣಿ ಚೆಲ್ಲುತ್ತೆ, ಬಿಡು."

ಗುರುವಾರ ಕಂಡ ನ್ಯಾಯಾಲಯದ ಕೋಣೆ ಅಮ್ಮ ಅಂದುಕೊಂಡಿದ್ದಕ್ಕಿಂತ ಚಿಕ್ಕದಾಗಿತ್ತು, ಶಾಲೆಯ ಸಿಬ್ಬಂದಿ ಕೋಣೆಯ ಹಾಗಿತ್ತು. ನ್ಯಾಯಾಧೀಶೆಗೆ ನೆಗಡಿಯಾಗಿತ್ತು. ಬೂಟಂಗಡಿಯವರ ವಕೀಲರು ದೊಡ್ಡ ದನಿಯಲ್ಲಿ ವಾದಿಸಿದರು. ಬರೆದವನು ಒಬ್ಬ, ತಳ್ಳಿದವನು ಇನ್ನೊಬ್ಬ, ನಡುವೆ ಇರುವ ಜಾಲತಾಣವನ್ನು ಹಿಡಿದರೆ ನಾಳೆ ಯಾರೂ ಯಾರಿಗೂ ಮಾತಾಡಲು ಜಾಗ ಕೊಡುವುದಿಲ್ಲ ಎಂದರು. ಚಿಕ್ಕಮ್ಮ ಕೂಗಲಿಲ್ಲ.

"ಅಲ್ಲಿ ಬಂದ ಪ್ರತಿಯೊಂದು ಮಾತಿಗೂ ಇವರು ಹೊಣೆ ಅಂತ ನಾವು ಹೇಳ್ತಿಲ್ಲ" ಎಂದಳು. "ಎರಡೇ ಪ್ರಶ್ನೆ. ತೋರಿಸಿದ ಮೇಲೆ ಏನು ಮಾಡಿದ್ರು? ಅದು ತಾನಾಗಿ ಮೂಲೆಯಲ್ಲಿ ಬಿದ್ದಿತ್ತಾ, ಇಲ್ಲಾ ಇವರೇ ಎತ್ತಿ ಎಲ್ಲರಿಗೂ ಹಂಚಿದ್ರಾ?"

ನ್ಯಾಯಾಧೀಶೆ ಮೂಗೊರೆಸಿಕೊಂಡು ನೇರವಾಗಿ ಬೂಟಂಗಡಿಯವರನ್ನೇ ಕೇಳಿದರು. "ಈ ಹುಡುಗಿ ಅಂಗಡಿಗೆ ಬಂದು ತೋರಿಸಿದಾಗ ಓದಿದ್ರಾ?"

ವಕೀಲರು ಎದ್ದು ನಿಲ್ಲುವಷ್ಟರಲ್ಲಿ ಬೂಟಂಗಡಿಯವರೇ "ಓದಿದೆ ಮೇಡಂ" ಎಂದುಬಿಟ್ಟರು. ವಕೀಲರು ಹಣೆ ಒತ್ತಿಕೊಂಡರು. ಅಮ್ಮನಿಗೆ ಆ ಕ್ಷಣ ಬೂಟಂಗಡಿಯವರ ಮೇಲೆ ಹಳೆಯ ಗೌರವ ಮರಳಿ ಬಂತು.

ಆದೇಶ ಚಿಕ್ಕದಿತ್ತು. ಬಳಕೆದಾರರು ಬರೆದದ್ದಕ್ಕೆಲ್ಲ ಜಾಲತಾಣದವರನ್ನು ಹೊಣೆ ಮಾಡಲಾಗದು. ಆದರೆ ನಿರ್ದಿಷ್ಟ ಬೆದರಿಕೆಯನ್ನು ಕಣ್ಣಾರೆ ಕಂಡ ಮೇಲೂ ಅದನ್ನು ಉಳಿಸಿ ಹಂಚಿದ್ದಕ್ಕೆ ಅವರು ಉತ್ತರ ಕೊಡಬೇಕು. ಎರಡನೇ ಹೆಸರು ದಾವೆಯಲ್ಲಿ ಉಳಿಯುತ್ತದೆ. ಗೆಲುವು ಸೋಲು ವಿಚಾರಣೆಯ ನಂತರ.

ಹೊರಗಿನ ಜಗಲಿಯಲ್ಲಿ ಪೀಪಿ ಚಿಕ್ಕಮ್ಮನ ಕತ್ತಿಗೆ ಜೋತುಬಿದ್ದಳು. "ಇನ್ನೂ ಗೆದ್ದಿಲ್ಲ ಕಣೇ, ಇಳಿಯೇ, ನನ್ನ ಕೋಟು!" ಎಂದಳು ಚಿಕ್ಕಮ್ಮ. ಗೆದ್ದಿಲ್ಲವೆಂದು ಅಮ್ಮನಿಗೂ ಗೊತ್ತಿತ್ತು. ಆದರೂ ತಿಂಗಳಿಂದ ಎದೆಯ ಮೇಲೆ ಕೂತಿದ್ದ ಹೆದರಿಕೆ ಎಲ್ಲೋ ಇಳಿದು ಹೋಗಿತ್ತು. ಯಾರಿಗಾದರೂ ಇನ್ನೊಮ್ಮೆ ಕೈ ಕಡಿದರೆ, ಇನ್ನು ಮುಂದೆ ಕೇಳುವವರಿದ್ದರು.

ಬೂಟಂಗಡಿಯವರು ಫೈಲನ್ನು ಎದೆಗೊತ್ತಿಕೊಂಡು ಹತ್ತಿರ ಬಂದರು. "ಹಾಗಾದ್ರೆ ನಾನು ಉತ್ತರ ಕೊಡ್ಬೇಕು."

"ಕೊಡಿ" ಎಂದಳು ಅಮ್ಮ. "ಯಾರೂ ನುಂಗಲ್ಲ ನಿಮ್ಮನ್ನ."

"ನಿನ್ನೆಯಿಂದ ವೇಳಾಪಟ್ಟಿನೇ ಮೇಲಿಟ್ಟಿದ್ದೀನಿ ಅಕ್ಕಾ. ದೂರುಗಳನ್ನ ನಾನೇ ಕೂತು ಓದ್ತಿದ್ದೀನಿ. ಕಣ್ಣು ಉರಿಯುತ್ತೆ."

"ನಮ್ಮಂಗಡಿಗೆ ಬನ್ನಿ, ಕನ್ನಡಕದ ನಂಬರ್ ನೋಡ್ತೀನಿ."

ಅವರು ಪೀಪಿಯ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು. "ಪ್ಲಾಸ್ಟರ್ ಬಿಚ್ಚಿದ ಮೇಲೆ ಮೈದಾನಕ್ಕೆ ಬರ್ತೀಯಲ್ಲಮ್ಮ? ನಮ್ಮ ಹುಡುಗನ ಪಂದ್ಯ ಇದೆ. ನೀನೇ ತಾನೇ ರೆಫರಿ?"

"ಮೈದಾನಕ್ಕೆ ಬರ್ತೀನಿ. ಆದರೆ ಕೇಸು ಮುಗಿಯೋವರೆಗೂ ನಿಮ್ಮ ಮಗನ ಪಂದ್ಯಕ್ಕೆ ನಾನು ನಿಲ್ಲಲ್ಲ ಅಂಕಲ್. ಲೀಗಿಗೆ ಆಗಲೇ ಬರೆದುಕೊಟ್ಟಿದ್ದೀನಿ. ಬೇರೆಯವರನ್ನ ಹಾಕಿದ್ದಾರೆ."

"ಅಯ್ಯೋ, ನಾನೇನೂ ಅನ್ಕೋತಿರಲಿಲ್ಲ."

"ನೀವು ಅಂದ್ಕೊಳ್ಳಲ್ಲ. ಆದ್ರೂ ಸರಿಯಲ್ಲ."

"ಯಾರನ್ನ ಹಾಕಿದ್ದಾರೆ?"

ಪೀಪಿ ಹೇಳಿದಳು. ಬೂಟಂಗಡಿಯವರ ಮುಖ ಇಳಿದುಹೋಯಿತು. "ಆ ಮೀಸೆಯವರಾ? ಯಾರಾದ್ರೂ ಅಂಗಿ ಹಿಡಿದ್ರೆ ಸಾಕು, ಅವರು ಕಾರ್ಡ್ ತೋರಿಸ್ತಾರೆ! ನಮ್ಮ ಹುಡುಗ ಸ್ವಲ್ಪ ತಳ್ತಾನೆ ಬೇರೆ."

"ಸ್ವಲ್ಪ ಅಲ್ಲ ಅಂಕಲ್" ಎಂದಳು ಪೀಪಿ. "ಅವನಿಗೆ ಮನೇಲೇ ಈಗಿಂದ ಹೇಳಿಡಿ."