ಕೆನ್ನೆ ತಟ್ಟುವ ಕನ್ನಡಿ

ಅಂಗಡಿಯವನ ಮೀಸೆ ಅಲುಗುತ್ತಿದೆ, ಅಂದರೆ ಏನೋ ಹೇಳುತ್ತಿದ್ದಾನೆ, ಆದರೆ ಹೇಳಿದ್ದೆಲ್ಲ ಆ ಪೊದೆಯೊಳಗೇ ಉಳಿದುಹೋಗುತ್ತಿದೆ, ಮೇಲ್ತುಟಿ ಕಾಣದ ಗಂಡಸರ ಮಾತು ಓದುವುದೆಂದರೆ ಮೇಲರ್ಧ ಹರಿದುಹೋದ ಪತ್ರಿಕೆ ಓದಿದಂತೆ, ಪ ಬ ಮ ಮೊದಲೇ ತುಟಿಯ ಮೇಲೆ ಒಂದೇ ಥರ ಕಾಣುವ ಅಕ್ಕತಂಗಿಯರು, ಅದರ ಜೊತೆಗೆ ಈ ಮೀಸೆ ಬೇರೆ — ಇರಲಿ, ಗಾಜಿನ ಮೇಜಿನ ಮೇಲೆ ಎರಡೂ ಕ್ಯಾಮೆರಾ ಇವೆ, ಎಡಗಡೆ ಡಿಎಸ್‌ಎಲ್‌ಆರ್, ಒಳಗೆ ಕನ್ನಡಿ ಇರುವ ಜಾತಿ, ದಪ್ಪ ಕುತ್ತಿಗೆ, ಅಗಲ ಭುಜ, ನನ್ನ ಹಳೆಯ ಕ್ಯಾಮೆರಾದ ಸ್ವಂತ ತಮ್ಮನಂತಿದೆ, ಬಲಗಡೆ ಮಿರರ್‌ಲೆಸ್, ಹೊಟ್ಟೆಯಲ್ಲಿ ಕನ್ನಡಿ ಇಲ್ಲದ್ದು, ದೊಡ್ಡ ಸಾಬೂನಿನ ಡಬ್ಬಿಯಷ್ಟು, ಎತ್ತಿಕೊಂಡರೆ ಅಂಗೈ ತುಂಬುವುದೇ ಇಲ್ಲ, ಮತ್ತು ಅಂಗಡಿಯವನು ಇದನ್ನೆಲ್ಲ ಅತ್ತೆಗೆ ಹೇಳುತ್ತಿದ್ದಾನೆ, ನನಗಲ್ಲ, ಎಲ್ಲರೂ ಹೀಗೇ, ಇವಳಿಗೆ ಕಿವಿ ಕೇಳಿಸದು ಎಂದು ಗೊತ್ತಾದ ತಕ್ಷಣ ಪಕ್ಕದವರ ಕಡೆ ತಿರುಗುತ್ತಾರೆ, ನಾನು ಯಾರೋ ಒರಗಿಸಿಟ್ಟು ಮರೆತ ಛತ್ರಿ ಎಂಬ ಹಾಗೆ. ಆದರೆ ಪಕ್ಕದಲ್ಲಿರುವುದು ನನ್ನ ಅತ್ತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹಲೋ ಹಲೋ ಎನ್ನುತ್ತ ನಿವೃತ್ತರಾದವರು, ಧ್ವನಿಯಿಂದಲೇ ಬದುಕಿದವರು, ಮಗ ನನ್ನನ್ನು ಮದುವೆಯಾಗುತ್ತೇನೆ ಎಂದಾಗ ಕನ್ನಡಿ ಮುಂದೆ ಕೂತು ಧ್ವನಿಯಿಲ್ಲದೆ ಮಾತಾಡುವುದನ್ನು ಕಲಿತರು, ಈಗ ಅವರ ತುಟಿಯಷ್ಟು ಸ್ಪಷ್ಟ ಅಕ್ಷರ ಯಾವ ಪುಸ್ತಕದಲ್ಲೂ ಇಲ್ಲ — ನನಗ್ಯಾಕೆ ಹೇಳ್ತೀರಿ, ಎನ್ನುತ್ತಿದ್ದಾರೆ, ಕ್ಯಾಮೆರಾ ಅಂದ್ರೆ ಮುಖಕ್ಕೆ ಪೌಡರ್ ಹಚ್ಕೊಂಡು ಕೂರೋದಷ್ಟೇ ನನಗೆ ಗೊತ್ತಿರೋದು, ಫೋಟೋ ತೆಗೆಯೋಳು ಅವಳು, ಅವಳ ಕಡೆ ತಿರುಗಿ ಹೇಳಿ, ಹಾಗೇ ಆ ಮೀಸೆನ ಸ್ವಲ್ಪ ಮೇಲಕ್ಕೆತ್ತಿ ಹಿಡ್ಕೊಳ್ಳಿ. ಪುಣ್ಯಾತ್ಮ ನಿಜವಾಗಿಯೂ ಎರಡು ಬೆರಳಲ್ಲಿ ಮೀಸೆ ಎತ್ತಿ ಹಿಡಿದ, ನಗು ತಡೆದುಕೊಳ್ಳಲು ನಾನು ಲೆನ್ಸ್ ಒರೆಸುವ ನಾಟಕ ಮಾಡಬೇಕಾಯಿತು, ಈಗ ತುಟಿ ಕಾಣುತ್ತಿದೆ, ಎರಡೂ ಚೆನ್ನಾಗಿದೆ ಮೇಡಂ, ದೊಡ್ಡದಾದ್ರೆ ನಿಮ್ಮ ಹಳೇ ಲೆನ್ಸ್ ಎಲ್ಲಾ ನೇರ ಕೂರುತ್ತೆ, ಬ್ಯಾಟರಿ ದಿನಪೂರ್ತಿ ಬರುತ್ತೆ, ಚಿಕ್ಕದು ಹಗುರ, ಲೆನ್ಸಿಗೆ ಮಧ್ಯೆ ಒಂದು ಅಡಾಪ್ಟರ್ ಬೇಕು, ಆದ್ರೆ ಇದರಲ್ಲಿ ಸದ್ದೇ ಬರಲ್ಲ.

ಸದ್ದು. ಈ ಪದ ತುಟಿಯ ಮೇಲೆ ಹೆಚ್ಚೇನೂ ಕಾಣುವುದಿಲ್ಲ, ಎಲ್ಲ ಒಳಗೆ, ನಾಲಿಗೆ ಹಲ್ಲಿನ ನಡುವೆ, ಆದರೂ ಯಾವ ಮುಖದಲ್ಲಿದ್ದರೂ ನಾನು ಹಿಡಿಯುತ್ತೇನೆ, ಹೇಳುವವರ ಕಣ್ಣು ಆಗ ಒಂದು ಗಳಿಗೆ ನನ್ನ ಕಿವಿಯ ಕಡೆ ಹೋಗಿ ಬರುತ್ತದೆ. ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋದ ಮೇಲೆ ಚಿಕ್ಕಪ್ಪ ನನ್ನನ್ನು ತಮ್ಮ ಸ್ಟುಡಿಯೋಗೆ ಕರೆದೊಯ್ದು ದೊಡ್ಡ ಕ್ಯಾಮೆರಾವನ್ನು ನನ್ನ ಕೆನ್ನೆಗೆ ಒತ್ತಿ ಹಿಡಿದು ಬೆರಳನ್ನು ಗುಂಡಿಯ ಮೇಲಿಟ್ಟಿದ್ದರು, ಒತ್ತಿದೆ, ಒಳಗಿನಿಂದ ಯಾರೋ ಕೆನ್ನೆಯ ಮೂಳೆಗೆ ತಟ್ಟಿದರು, ನಾನು ಕಿರುಚಿಕೊಂಡು ನಕ್ಕೆನಂತೆ — ಅದು ಕನ್ನಡಿ, ಒಳಗಿರುವ ಪುಟ್ಟ ಕನ್ನಡಿ ಮೇಲೆದ್ದು ಮತ್ತೆ ಬಿದ್ದದ್ದು, ಜಗತ್ತು ಖಟಕ್ ಎನ್ನುವ ಅದನ್ನು ನಾನು ಮೂಳೆಯಲ್ಲಿ ಕೇಳಿದೆ, ಅಂದಿನಿಂದ ತೆಗೆದ ಒಂದೊಂದು ಚಿತ್ರವೂ ನನ್ನ ಕೆನ್ನೆ ತಟ್ಟಿ, ಆಯಿತು ಮಗಳೇ, ಸಿಕ್ಕಿತು ಎಂದು ಹೇಳಿಯೇ ಹೋಗಿದೆ. ನಾಟಕದವರು ನನ್ನನ್ನು ಕರೆಯತೊಡಗಿದ್ದು ಕನಿಕರದಿಂದಲ್ಲ. ಮಾತು ಕೇಳುವವರು ಮಾತಿಗಾಗಿ ಕಾಯುತ್ತಾರೆ, ನಾನು ಮಾತಿಗೆ ಮುಂಚಿನ ಮುಖಕ್ಕಾಗಿ ಕಾಯುತ್ತೇನೆ, ಮೂಗಿನ ಹೊಳ್ಳೆ ಅರಳುವುದು, ಗಂಟಲು ಏರುವುದು, ಕಣ್ಣು ಮೊದಲೇ ಹೇಳಿಬಿಡುವುದು, ಅದು ನನಗೆ ಕಾಣುತ್ತದೆ, ಅತ್ತೆ ನನ್ನನ್ನು ಕರೆಯುವುದೇ ಹದ್ದು ಎಂದು, ಹದ್ದೇ ಊಟಕ್ಕೆ ಬಾ, ಎಂದು ತುಟಿಯಾಡಿಸಿದರೆ ಅಡುಗೆಮನೆಯ ಬಾಗಿಲಾಚೆಯಿಂದ ಓದಬಲ್ಲೆ. ಇಷ್ಟೆಲ್ಲ ಇದ್ದೂ ಆ ಸಂಜೆಯ ಪ್ರದರ್ಶನದಲ್ಲಿ ಎಡವಿದೆ. ತಂಡದ ಹಿರಿಯ ನಟರೊಬ್ಬರು ರಂಗದ ನಡುವೆ ಸುಮ್ಮನೆ ನಿಂತಿದ್ದರು, ಎಂಥ ಮುಖ ಅದು, ನಾನು ಒತ್ತಿದೆ, ಕೆನ್ನೆ ತಟ್ಟಿತು, ಇನ್ನೊಮ್ಮೆ ಒತ್ತಿದೆ, ಅವರ ಮುಖ ಆರಿಹೋಯಿತು, ಮೊದಲ ಸಾಲಿನ ತಲೆಗಳು ಒಂದೊಂದಾಗಿ ನನ್ನ ಕಡೆ ತಿರುಗಿದವು, ಹಿಂದೆ ಏನೋ ಆಗಿದೆಯೆಂದು ನಾನೂ ಹಿಂದಕ್ಕೆ ತಿರುಗಿ ನೋಡಿದೆ — ಹಿಂದೆ ಏನೂ ಇರಲಿಲ್ಲ, ಹಿಂದಿನ ಸಾಲಿನವರೂ ನನ್ನನ್ನೇ ನೋಡುತ್ತಿದ್ದರು. ಆಮೇಲೆ ನಿರ್ದೇಶಕಿ ನಿಧಾನವಾಗಿ, ಬಹಳ ಒಳ್ಳೆಯತನದಿಂದ ಹೇಳಿದರು, ಕ್ಯಾಮೆರಾ ಸದ್ದು ಎಲ್ಲರಿಗೂ ಕೇಳಿಸ್ತು, ಇನ್ನು ಮೇಲೆ ತಾಲೀಮಿಗೆ ಮಾತ್ರ ಬಾಮ್ಮ, ಪ್ರದರ್ಶನಕ್ಕೆ ಬೇಡ. ಒಳ್ಳೆಯತನ ಬೈಗುಳಕ್ಕಿಂತ ಆಳಕ್ಕೆ ಇಳಿಯುತ್ತದೆ, ಹಿರಿಯ ನಟರು ಮಾತ್ರ ಬಣ್ಣದ ಕೋಣೆಯಿಂದ ಅರ್ಧ ಬಣ್ಣ ಒರೆಸಿದ ಮುಖದಲ್ಲೇ ಎದ್ದುಬಂದು ಎಲ್ಲಿ ತೋರಿಸು ಎಂದರು, ಕ್ಯಾಮೆರಾದ ಪುಟ್ಟ ಪರದೆಯ ಮೇಲಿನ ತಮ್ಮ ಮುಖವನ್ನು ಬಹಳ ಹೊತ್ತು ನೋಡಿದರು, ಇದು ನನಗೇ ಗೊತ್ತಿರಲಿಲ್ಲ ನೋಡು, ಎಂದರು.

ಮೊನ್ನೆ ನಿರ್ದೇಶಕಿ ಮನೆ ಬಾಗಿಲಿಗೇ ಬಂದರು, ಕಾಫಿ ಮುಟ್ಟದೆ ಬಟ್ಟಲು ಹಿಡಿದುಕೊಂಡೇ ಹೇಳಿದರು, ನಮ್ಮ ಹಿರಿಯ ನಟರ ಮಂಡಿ ಇನ್ನು ಒಪ್ತಾ ಇಲ್ಲ, ಇದೇ ಕೊನೇ ಪ್ರದರ್ಶನ, ಫೋಟೋಗೆ ಯಾರನ್ನ ಕರೀಲಿ ಅಂದೆ, ಆ ಹುಡುಗಿನೇ ಬರಲಿ, ಬೇರೆ ಯಾರೂ ಬೇಡ ಅಂದ್ರು. ಆ ಹುಡುಗಿ! ಕೂದಲು ಬೆಳ್ಳಗಾಗತೊಡಗಿದೆ, ಇನ್ನೂ ಹುಡುಗಿ, ಎದೆ ಎಷ್ಟು ಉಬ್ಬಿತೆಂದರೆ ಮೇಲಿನ ಗುಂಡಿ ಕಿತ್ತುಹೋಗಬೇಕಿತ್ತು. ಆದ್ರೆ, ಎಂದರು ನಿರ್ದೇಶಕಿ, ಕಣ್ಣು ನನ್ನ ಕಿವಿಗೆ ಹೋಗಿ ಬಂತು, ಸದ್ದು ಬರಬಾರದು. ಹಳೆಯ ಕ್ಯಾಮೆರಾಕ್ಕೆ ಟವೆಲ್ ಸುತ್ತಿದೆ, ಅದರ ಮೇಲೆ ನನ್ನ ಗಂಡನ ಉಣ್ಣೆಯ ಟೋಪಿ, ಅತ್ತೆಯನ್ನು ಮಲಗುವ ಕೋಣೆಯಲ್ಲಿ ಬೆನ್ನು ಮಾಡಿ ಕೂರಿಸಿ, ಕೇಳಿಸಿದರೆ ಕೈ ಎತ್ತಿ ಎಂದೆ, ಒತ್ತಿದಾಗಲೆಲ್ಲ ಕೈ ಏಳುತ್ತದೆ, ಪಾಠ ಬಂದ ಮಕ್ಕಳ ಹಾಗೆ, ಎರಡನೇ ಟವೆಲ್ಲಿಗೂ ಎದ್ದಿತು ಕೈ, ಕೊನೆಗೆ ತಿರುಗಿ, ಹದ್ದೇ, ಇನ್ನು ಹಾಸಿಗೆ ಸುತ್ತಬೇಕಷ್ಟೇ, ಎಂದರು. ಅಂದು ಇಬ್ಬರೂ ನಕ್ಕೆವು, ಆದರೆ ಪಾತ್ರೆ ತೊಳೆಯುವಾಗ ನನಗೆ ಸಿಟ್ಟು ಬಂತು, ಕೇಳುವವರ ಕಿವಿಗೋಸ್ಕರ ನಾನೇಕೆ ನನ್ನ ಕೆನ್ನೆಯ ತಟ್ಟನ್ನು ಬಿಟ್ಟುಕೊಡಲಿ, ನಾನು ಹೋಗದಿದ್ದರೆ ನಷ್ಟ ಅವರದು, ಹಳೆಯದು ಹೇಗೂ ಸವೆದಿದೆ, ಈ ಹೊಸ ದೊಡ್ಡದನ್ನೇ ತೆಗೆದುಕೊಂಡು ಶಾಲೆಯ ಗುಂಪು ಚಿತ್ರ, ಪಾಸ್‌ಪೋರ್ಟ್ ಚಿತ್ರ, ತಾಲೀಮು, ಇಷ್ಟಕ್ಕೇ ಇದ್ದುಬಿಡಬಹುದು, ಯಾರೂ ತಲೆ ತಿರುಗಿಸುವುದಿಲ್ಲ, ಸದ್ದಿಲ್ಲದ ಕ್ಯಾಮೆರಾ ಕೈಯಲ್ಲಿಟ್ಟುಕೊಂಡು ನಾನು ಒತ್ತಿದೆನೋ ಇಲ್ಲವೋ ಎಂದು ನನಗೇ ತಿಳಿಯದೆ ಮಂಕಾಗಿ ನಿಲ್ಲುವುದಕ್ಕಿಂತ ಅದೇ ವಾಸಿ — ಹಾಗೆಂದುಕೊಂಡೇ ಈ ಅಂಗಡಿಗೆ ಬಂದದ್ದು, ಎಡಗಡೆಯದನ್ನು ತೆಗೆದುಕೊಳ್ಳಲು ಬಂದದ್ದು.

ಎಡಗಡೆಯದನ್ನೇ ಮೊದಲು ಎತ್ತಿದೆ. ಅತ್ತೆಯ ಕಡೆ ಹಿಡಿದು ಒತ್ತಿದೆ, ತಟ್ಟಿತು, ಆಹಾ, ಹೊಸ ಕನ್ನಡಿಯ ಗಟ್ಟಿ ತಟ್ಟು, ತವರಿನವರು ಬೆನ್ನು ಚಪ್ಪರಿಸಿದ ಹಾಗೆ, ಸಾಕು, ಇದೇ ಇರಲಿ, ಎನ್ನುವಷ್ಟರಲ್ಲಿ ಮೀಸೆಯವನು ಸಣ್ಣದನ್ನು ಮುಂದಕ್ಕೆ ತಳ್ಳಿದ, ಒಂದ್ಸಲ ನೋಡಿಬಿಡಿ ಮೇಡಂ, ನೋಡೋಕೇನಂತೆ. ಅಷ್ಟರಲ್ಲಿ ಅತ್ತೆ ಅವನ ಜೊತೆ ಬೇರೇನೋ ವಾದ ತೆಗೆದಿದ್ದರು, ಹೆಣ್ಮಕ್ಕಳ ಹೆಗಲಿಗೆ ಆಗೋ ಹಾಗೆ ಪಟ್ಟಿ ಮಾಡೋಕೆ ಇವರಿಗೆ ಏನು ರೋಗ ಅಂತ, ಕೈ ಮೇಲೆ, ಹುಬ್ಬು ಮೇಲೆ, ನಾನು ಒತ್ತಿದೆ. ಕೆನ್ನೆ ತಟ್ಟಿಗಾಗಿ ಕಾಯಿತು. ಏನೂ ಬರಲಿಲ್ಲ. ಸತ್ತ ಹಲ್ಲಿನ ಹಾಗೆ. ಕಣ್ಣಿಟ್ಟು ನೋಡುವ ಕಿಂಡಿಯ ಅಂಚಿನಲ್ಲಿ ಒಂದು ಬಿಳಿ ಗೆರೆ ಮಿಣುಕಿ ಹೋಯಿತು, ಅದೇ ಇದರ ಸಾಕ್ಷಿಯಂತೆ. ಮತ್ತೆ ಒತ್ತಿದೆ, ಅತ್ತೆಯ ಹುಬ್ಬು ಇನ್ನೂ ಮೇಲೆ ಹೋಯಿತು, ಬಾಯಿ ತೆರೆಯಿತು, ಮೂಗಿನ ಪಕ್ಕ ಒಂದು ಸಣ್ಣ ನೆರಿಗೆ ಹುಟ್ಟಿ, ತಾನು ಹೇಳಿದ್ದಕ್ಕೆ ತಾನೇ ನಗಲು ಹೊರಟು — ಇದೇನಿದು. ಏನೋ ಬಿಟ್ಟುಹೋಗಿದೆ. ಏನು ಬಿಟ್ಟುಹೋಗಿದೆ? ಕತ್ತಲೆ. ದೊಡ್ಡ ಕ್ಯಾಮೆರಾದಲ್ಲಿ ಕನ್ನಡಿ ಎದ್ದ ಕೂಡಲೇ ಕಣ್ಣಿನ ಮುಂದೆ ಒಂದು ಚೂರು ಕಪ್ಪು ಬರುತ್ತದೆ, ಗೊತ್ತಿದ್ದದ್ದೇ, ಚಿಕ್ಕಪ್ಪ ಮೊದಲ ದಿನವೇ ಹೇಳಿಕೊಟ್ಟದ್ದು, ಆದರೆ ತನ್ನ ರೆಪ್ಪೆ ಬಡಿಯುವುದನ್ನು ಯಾರು ಗಮನಿಸುತ್ತಾರೆ, ಹಾಗೇ ಮರೆತಿದ್ದೆ, ಅಂದರೆ, ನಿಲ್ಲು, ನಿಧಾನ, ಅಂದರೆ ಇಷ್ಟು ವರ್ಷ ನಾನು ತೆಗೆದ ಒಂದೊಂದು ಕ್ಷಣವೂ ನಾನು ನೋಡದ ಕ್ಷಣ. ಅದರ ಮುಂಚಿನದು ನೋಡಿದ್ದೇನೆ, ನಂತರದ್ದು ನೋಡಿದ್ದೇನೆ, ಸರಿಯಾಗಿ ಅದೊಂದೇ, ಒತ್ತಿದ ಗಳಿಗೆಯೊಂದೇ, ಕನ್ನಡಿಯ ಬೆನ್ನು. ಹದ್ದಂತೆ! ಕೆನ್ನೆ ತಟ್ಟಿ ಸಿಕ್ಕಿತು ಎಂದು ಅದು ಹೇಳಿದ್ದನ್ನು ನಂಬಿ ಬಂದಿದ್ದೇನೆ, ನಂಬಿಕೆ ಸುಳ್ಳಾಗಲಿಲ್ಲ, ಅದು ಬೇರೆ ಮಾತು, ನೋಡದೆಯೇ ಅಷ್ಟು ಸರಿಯಾಗಿ ಹಿಡಿದೆನಲ್ಲ ಎಂದು ಹೆಮ್ಮೆಪಡಲೂಬಹುದು, ಪಡುತ್ತೇನೆ ಕೂಡ, ಯಾಕೆ ಪಡಬಾರದು, ಆದರೆ ಕಿವಿ ಇಲ್ಲದವಳಿಗೆ ಇರುವುದೇ ಕಣ್ಣು, ಅದರ ಪಾಲನ್ನೂ ಕಪ್ಪಿಗೆ ಕೊಡುವುದೇ? ಅತ್ತೆ ನನ್ನ ಮುಖ ನೋಡಿ ಮಾತು ನಿಲ್ಲಿಸಿದರು, ಏನಾಯ್ತೇ. ಇದು, ಎಂದೆ, ಜೋರಾಗಿಯೇ ಹೇಳಿರಬೇಕು, ಬಾಗಿಲ ಬಳಿ ನಿಂತವರೂ ತಿರುಗಿದರು, ತಿರುಗಲಿ, ಇದು ಬೇಕು. ಮೀಸೆಯವನು ಖುಷಿಯಾಗಿ, ಹೇಳ್ಲಿಲ್ವಾ ಮೇಡಂ, ಸದ್ದೇ ಇಲ್ಲ, ಎಂದ. ಸದ್ದಿಲ್ಲ ಅಂತಲ್ಲ ಕಣ್ರಿ, ಎಂದೆ, ಕತ್ತಲೆ ಇಲ್ಲ ಅಂತ. ಅವನಿಗೆ ಅರ್ಥವಾಗಲಿಲ್ಲ, ಮೀಸೆ ಕೆಳಗೆ ಬಿಟ್ಟ.

ಈಗ ಅವರ ಕೊನೆಯ ಪ್ರದರ್ಶನದ ಸಂಜೆ, ಮೊದಲ ಸಾಲು, ಮೂಲೆಯ ಕುರ್ಚಿ, ಪಾದದ ಕೆಳಗೆ ಮರದ ನೆಲ, ಅದರಲ್ಲಿ ಜನ ಕೂರುವುದು ಏಳುವುದು ಕೆಮ್ಮುವುದು ಎಲ್ಲ ಸಣ್ಣಗೆ ಬಂದು ಮುಟ್ಟುತ್ತದೆ, ನನ್ನ ಹಿಂದೆ ಅತ್ತೆ, ಮೊಣಕಾಲು ನನ್ನ ಬೆನ್ನಿಗೆ. ನಿನ್ನೆಯೇ ಬಂದು ದೀಪದವನನ್ನು ಪೀಡಿಸಿ ಒಂದೊಂದು ದೀಪ ಹಾಕಿಸಿ ನೋಡಿದ್ದೇನೆ, ಸದ್ದಿಲ್ಲದೆ ತೆಗೆದರೆ ಕೆಲವು ದೀಪಕ್ಕೆ ಚಿತ್ರದಲ್ಲಿ ಪಟ್ಟೆ ಬೀಳುತ್ತದೆ, ಪಟ್ಟೆ ಬೀಳದ ಶಟರ್ ವೇಗ ಯಾವುದೆಂದು ಹುಡುಕಿ ಇಟ್ಟಿದ್ದೇನೆ, ಆದರೂ ಮೊದಲ ಅಂಕ ಪೂರ್ತಿ ಕೆನ್ನೆ ಪರದಾಡಿತು, ಪ್ರತಿಸಲ ಕಾಯುವುದು, ತಟ್ಟು ಬಾರದೆ ಬೆಚ್ಚುವುದು, ಬಿಳಿ ಗೆರೆ ನೋಡಿ ಸಮಾಧಾನವಾಗುವುದು, ಸಿಕ್ಕಿತೇ, ಸಿಕ್ಕಿರಬೇಕು, ಮಿಣುಕಿತಲ್ಲ. ಈಗ ಕೊನೆಯ ದೃಶ್ಯ. ಮೇಜು, ಎರಡು ಕುರ್ಚಿ, ಒಂದರಲ್ಲಿ ಹಿರಿಯ ನಟರು, ಇನ್ನೊಂದು ಹೆಂಡತಿಯದು, ಖಾಲಿ, ಅವಳು ಇನ್ನು ಬರುವುದಿಲ್ಲ ಎಂದು ಈಗಷ್ಟೇ ಯಾರೋ ಹೇಳಿ ಹೋದರು. ತಾಲೀಮಿನಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ, ಅವರು ಸುಮ್ಮನೆ ಕೂರುತ್ತಾರೆ, ಮುಖ ನಿಧಾನಕ್ಕೆ ಆರುತ್ತದೆ, ದೀಪ ಆರುತ್ತದೆ, ಅಷ್ಟೇ. ಕೂತಿದ್ದಾರೆ. ನೆಲದಲ್ಲಿ ಒಂದು ಕೆಮ್ಮೂ ಇಲ್ಲ, ಎಲ್ಲರೂ ಅವರ ಮುಖದಲ್ಲಿ ನೆಟ್ಟುಹೋಗಿದ್ದಾರೆ, ಒತ್ತಿದೆ, ಯಾರೂ ತಿರುಗಲಿಲ್ಲ, ಮತ್ತೆ ಒತ್ತಿದೆ, ನಾನು ಇಲ್ಲಿ ಇದ್ದೇನೆಂದು ಈ ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ, ಮುಖ ಬಿಟ್ಟು ಕೆಳಗೆ ಇಳಿದೆ, ಹೆಗಲು, ತೋಳು, ಮೇಜು — ಅವರ ಮುಂದೆ ಇದ್ದ ಕಾಫಿ ಬಟ್ಟಲು, ಅದರ ಹಿಡಿ ಅವರ ಕಡೆಗಿದೆ, ಕಿರುಬೆರಳು ಚಾಚಿತು, ಹಿಡಿಗೆ ತಾಗಿತು, ಇದು ತಾಲೀಮಿನಲ್ಲಿರಲಿಲ್ಲ, ಬೆರಳು ಹಿಡಿಯನ್ನು ಮೆಲ್ಲಗೆ ತಳ್ಳುತ್ತ ಬಟ್ಟಲನ್ನು ತಿರುಗಿಸುತ್ತಿದೆ, ಹಿಡಿ ಖಾಲಿ ಕುರ್ಚಿಯ ಕಡೆಗಾಗುವವರೆಗೂ, ಅವಳು ಬಂದರೆ ಎತ್ತಿಕೊಳ್ಳಲಿ ಎಂಬಂತೆ, ನಾನು ಒತ್ತುತ್ತಿದ್ದೇನೆ, ಒತ್ತುತ್ತಲೇ ಎಲ್ಲವನ್ನೂ ನೋಡುತ್ತಿದ್ದೇನೆ. ದೀಪ ಆರಿತು. ನೆಲ ನಡುಗಿತು, ಚಪ್ಪಾಳೆ, ಪಾದದಿಂದ ಮಂಡಿಗೆ ಏರಿತು, ಜನ ಎದ್ದರು, ಅತ್ತೆಯ ಕೈ ನನ್ನ ಹೆಗಲ ಮೇಲೆ, ಅತ್ತಿದ್ದಾರೆ, ತುಟಿ ನಡುಗಿ ಮೊದಲ ಸಲ ಅವರ ಅಕ್ಷರ ಕಲಸಿಹೋಗಿದೆ, ನನ್ನ ಕಣ್ಣೊಳಗೆ ಮಾತ್ರ ಇನ್ನೂ ಕಿರುಬೆರಳು ಹಿಡಿಗೆ ತಾಗುತ್ತದೆ, ನಿರ್ದೇಶಕಿ ಜನರನ್ನು ಸರಿಸಿಕೊಂಡು ಬಂದರು, ಒಂದು ಸದ್ದಿಲ್ಲ ಕಣಮ್ಮ, ನೀನಿದ್ದದ್ದೇ ಗೊತ್ತಾಗ್ಲಿಲ್ಲ, ಸಿಕ್ತಾ, ಆ ಮುಖ ಸಿಕ್ತಾ, ಎನ್ನುತ್ತಾರೆ, ಬಟ್ಟಲು ತಿರುಗುತ್ತದೆ, ಮುಖ ಅಲ್ಲ, ಎಂದೆ, ಕೈ. ಕೈನಾ, ಕೈಯಲ್ಲೇನಾಯ್ತು, ಅವರ ಹುಬ್ಬು ಗಂಟಾಗಿದೆ, ನೋಡಿಲ್ಲ, ಅವರೂ ನೋಡಿಲ್ಲ, ಈ ಇಡೀ ಸಭೆಯಲ್ಲಿ ಯಾರೂ ನೋಡಿಲ್ಲ, ಹದ್ದು ನೋಡಿದೆ, ಕ್ಯಾಮೆರಾ ಕೊಡು ತೋರಿಸು ಎನ್ನುತ್ತಿದ್ದಾರೆ, ಕೊಡುತ್ತೇನೆ, ಒಂದು ಗಳಿಗೆ, ಕಣ್ಣೊಳಗಿನದು ಮುಗಿಯಲಿ, ಕಿರುಬೆರಳು, ಹಿಡಿ, ಇನ್ನೂ ಸ್ವಲ್ಪ, ಖಾಲಿ ಕುರ್ಚಿಯ ಕಡೆಗೆ, ಬಟ್ಟಲಿನ ಹಿಡಿ…