ಮೋಹನ್ ಹೊಡೆದ ಮೊಳೆಗಳು

ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವ ಗಂಡಸನ್ನು ನೋಡಬೇಕಾದರೆ ಕುಂದೂರಿನ ಯೋಗಾನಂದನನ್ನು ನೋಡಬೇಕು. ಮೋಹನ್ ತೀರಿಕೊಂಡ ಮೇಲೆ ಅವನ ಹೆಂಡತಿ ಮಧುಶ್ರೀಯನ್ನು ಮದುವೆಯಾಗಿ, ಮೋಹನ್ ಕಟ್ಟಿಸಿದ ಮನೆಗೇ ಬಂದು ಸೇರಿದವನು ಈತ. ಮದುವೆಗೆ ಮುಂಚೆಯೇ ಅವಳು ಸತ್ತವನ ಫೋಟೋ ಇಳಿಸಿ ಬೀರುವಿಗೆ ಸೇರಿಸಿದ್ದಳು. ಅಷ್ಟಾದರೂ ಇವನಿಗೆ ಸಮಾಧಾನವಿಲ್ಲ. ಸಾರಿಗೆ ಉಪ್ಪು ಕಮ್ಮಿಯಾದರೂ "ಮೋಹನನಿಗೆ ಹಿಂಗೇ ಮಾಡ್ತಿದ್ದಾ?" ಎಂದು ಕೆಣಕುತ್ತಿದ್ದ. ಗೋಡೆ ತುಂಬ ಮೋಹನ್ ಹೊಡೆದ ಮೊಳೆ, ಮೊಳೆ ಕಿತ್ತ ತೂತು. ಅವನ್ನು ನೋಡುತ್ತ ಕೂತರೆ ಇವನಿಗೆ ಅನ್ನ ಇಳಿಯುತ್ತಿರಲಿಲ್ಲ. ಇವೆಲ್ಲ ಮುಚ್ಚಿದರೆ ಅವಳ ಮನಸ್ಸೂ ತನ್ನದಾಗುತ್ತದೆ ಎಂದು ಅವನ ಲೆಕ್ಕ.

ಮಧುಶ್ರೀ ಸಂತೆಗೆ ಹೋದ ದಿನ ಎಲ್ಲ ಮೊಳೆ ಕಿತ್ತೆಸೆದ. ನೀಲಿ ಬೆರೆಸಿದ ಸುಣ್ಣ ಬಳಿದ ಗೋಡೆ ಅದು. ನೀಲಿ ಎಷ್ಟೆಂಬುದು ಬಳಿದ ಮೋಹನನಿಗೇ ಗೊತ್ತು. ಇವನು ಬಿಳಿ ಸಿಮೆಂಟಿಗೆ ಕಣ್ಣಂದಾಜಿನಲ್ಲಿ ನೀಲಿ ಕಲಸಿ, ಗೋಡೆಗೆ ಹೊಂದಿತೆಂದು ಬೀಗುತ್ತ ತೂತುಗಳಿಗೆಲ್ಲ ಮೆತ್ತಿದ. ಹಸಿ ಬಣ್ಣ ಒಣಗಿದರೆ ಬಿಳಿಚಿಕೊಳ್ಳುತ್ತದೆಂದು ಆ ಊರಲ್ಲಿ ಯಾರಿಗೆ ಗೊತ್ತಿಲ್ಲ? ಮೊದಲು ಒಂದೇ ತೂತಿಗೆ ಮೆತ್ತಿ, ಒಣಗುವತನಕ ಕಾದು ಬಣ್ಣ ನೋಡುವ ತಾಳ್ಮೆ ಹೊಟ್ಟೆ ಉರಿಯುವವನಿಗೆ ಎಲ್ಲಿಂದ ಬರಬೇಕು!

ಬೆಳಗಾಗುವಷ್ಟರಲ್ಲಿ ಗೋಡೆ ತುಂಬ ಬೆಳ್ಳನೆಯ ಬೊಟ್ಟು. ಮಧುಶ್ರೀ ನೋಡಿ, ಕೆಳಗೆ ಉದುರಿದ ಸಿಮೆಂಟು ಗುಡಿಸಿದಳು. ಆದರೆ ಹೆತ್ತೂರಿನಿಂದ ಬಂದಿಳಿದ ಅವಳ ಸೋದರತ್ತೆ ಗಂಗಾಮಣಿ ಸುಮ್ಮನಿರುವ ಹೆಂಗಸಲ್ಲ.

"ಇದೇನೇ ಮಧು, ಗೋಡೆಗೆ ಸಿಡುಬು ಎದ್ದೈತೆ! ಇಲ್ಲೇನಿತ್ತು?"

"ಗಡಿಯಾರ ಕಣತ್ತೆ. ಅವ್ರು ಹಾಕಿದ್ದು."

"ಮತ್ತೆ ಇದು, ಇಷ್ಟು ಕೆಳಗಿರೋದು?"

"ನನ್ ಕನ್ನಡಿ. ನಾನು ಕುಳ್ಳಿ ಅಂತ ಅವ್ರು ಅಲ್ಲಿಗೇ ಹೊಡೆದಿದ್ರು," ಎಂದು ಮಧುಶ್ರೀ ನಕ್ಕಳು.

ಆ ನಗು ಯೋಗಾನಂದ ಒಂದು ದಿನವೂ ಕಂಡದ್ದಲ್ಲ. ಬಾಗಿಲಲ್ಲಿ ನಿಂತಿದ್ದವನು ಒಳಗೆ ನುಗ್ಗಿ ಕೂಗಿದ.

"ನಾಳೇನೇ ಪೂರ್ತಿ ಸುಣ್ಣ ಹೊಡೆಸ್ತೀನಿ! ಆ ಮೋಹನನ ಗುರುತೇ ಇರಬಾರ್ದು ಈ ಮನೇಲಿ!"

"ಹೊಡೆಸ್ರಿ," ಎಂದಳು ಮಧುಶ್ರೀ, ತಣ್ಣಗೆ. "ನಿಮ್ ಕೈ ಹಿಡಿದ ಮೇಲೆ ನಾನಾಗಿ ಅವ್ರ ಸುದ್ದಿ ಎತ್ತಿಲ್ಲ. ನೀವು ಎತ್ತದ ದಿನ ಒಂದೂ ಇಲ್ಲ. ಅವ್ರನ್ನ ಈ ಮನೇಲಿ ಇಟ್ಕೊಂಡಿರೋದು ನೀವು ಕಣ್ರೀ, ನಾನಲ್ಲ."

ಗಂಗಾಮಣಿ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದಳು. ಯೋಗಾನಂದನಿಗೆ ಆ ಮಾತು ತಲೆಗೇ ಹತ್ತಲಿಲ್ಲ. 'ಅವ್ರು' ಅನ್ನುವಾಗ ಅವಳ ದನಿ ಎಷ್ಟು ಮೆತ್ತಗಾಯಿತು ಎಂಬುದೊಂದೇ ಅವನನ್ನು ಸುಡುತ್ತಿತ್ತು.